ಈ ವಯಸ್ಸಲ್ಲೂ ಮಾಂತ್ರಿಕರ ಕಥೆ ಓದ್ತೀರಾ?

ಮುಖಪುಟದಲ್ಲಿ ಡ್ರ್ಯಾಗನ್ ಇರುವ ಪುಸ್ತಕ ಕೈಯಲ್ಲಿ ಕಂಡರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಇದು ಮಕ್ಕಳು ಓದೋದಲ್ವಾ?" ಸಲುಗೆ ಇದ್ದವರು ಇನ್ನೂ ನೇರ. "ಇಷ್ಟು ವಯಸ್ಸಾದ್ರೂ ಮಂತ್ರ, ಮಾಯೆ ಅಂತ ಓದ್ಕೊಂಡು ಕೂತಿದ್ದೀರಲ್ಲ, ಬೋರಾಗಲ್ವಾ?" ನಕ್ಕು ಸುಮ್ಮನಾಗಬಹುದು. ಆದರೆ ನನ್ನ ಹತ್ತಿರ ಉತ್ತರ ಇದೆ. ಅದನ್ನು ಹೇಳಲು ಒಂದೇ ಪುಸ್ತಕ ಸಾಕು.

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' ಬಂದಿದ್ದು 1968ರಲ್ಲಿ. ಹದಿಹರೆಯದವರಿಗೆ ಏನಾದರೂ ಬರೆದುಕೊಡಿ ಎಂದು ಪ್ರಕಾಶಕರು ಕೇಳಿದ್ದರಿಂದ ಹುಟ್ಟಿದ ಕಾದಂಬರಿ. ಅಲ್ಲಿಯವರೆಗೆ ಕಥೆಗಳಲ್ಲಿ ಮಾಂತ್ರಿಕರೆಂದರೆ ಹೆಚ್ಚಾಗಿ ಬಿಳಿಗಡ್ಡದ ಮುದುಕರೇ. ಅವರೂ ಒಂದು ಕಾಲಕ್ಕೆ ಹುಡುಗರಾಗಿದ್ದಿರಬೇಕಲ್ಲ, ವಿದ್ಯೆ ಕಲಿತದ್ದು ಎಲ್ಲಿ? ಲೆ ಗ್ವಿನ್ ತಲೆಯಲ್ಲಿ ಕೊರೆಯುತ್ತಿದ್ದದ್ದು ಇದು. (ಮಾಂತ್ರಿಕರ ಶಾಲೆ ಅಂದ ಕೂಡಲೇ ನಿಮಗೆ 'ಹ್ಯಾರಿ ಪಾಟರ್' ನೆನಪಾಗುತ್ತದೆ, ಗೊತ್ತು. ಇದು ಅದಕ್ಕಿಂತ ಹತ್ತಿರ ಹತ್ತಿರ 30 ವರ್ಷ ಹಳೆಯದು.)

ಕಥಾನಾಯಕ ಗೆಡ್ ಮೇಕೆ ಕಾಯುತ್ತಿದ್ದ ಹುಡುಗ. ವಿದ್ಯೆ ಬೇಕಾದಷ್ಟಿದೆ, ಪೊಗರು ಅದಕ್ಕಿಂತ ಜಾಸ್ತಿ. ಶಾಲೆಯಲ್ಲಿ ಜಾಸ್ಪರ್ ಅನ್ನುವ ಹಿರಿಯ ವಿದ್ಯಾರ್ಥಿಯನ್ನು ಕಂಡರೆ ಅವನಿಗೆ ಆಗುವುದಿಲ್ಲ. ಜಾಸ್ಪರ್ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಬಲು ಮರ್ಯಾದೆಯಿಂದ ಮಾತಾಡಿಸುತ್ತಲೇ ಸಣ್ಣದಾಗಿ ಚುಚ್ಚುತ್ತಾನೆ. ಅಷ್ಟಕ್ಕೇ ಗೆಡ್‌ಗೆ ಮೈಯೆಲ್ಲ ಉರಿ. ಜಿದ್ದಿಗೆ ಬಿದ್ದು ಒಂದು ರಾತ್ರಿ ಎಂದೋ ಸತ್ತ ಹೆಣ್ಣೊಬ್ಬಳ ಆತ್ಮವನ್ನು ಕರೆಯುತ್ತಾನೆ. ಅವಳು ಬರುತ್ತಾಳೆ, ಒಂದೇ ಕ್ಷಣ. ಅವಳು ಬಂದ ಬಿರುಕಿನಿಂದಲೇ ಕಪ್ಪು ನೆರಳೊಂದು ನುಗ್ಗಿ ಅವನ ಮುಖವನ್ನು ಹರಿದುಹಾಕುತ್ತದೆ. ಆ ಬಿರುಕು ಮುಚ್ಚಲು ಶಾಲೆಯ ಹಿರಿಯ ಗುರು ತನ್ನ ಶಕ್ತಿಯನ್ನೆಲ್ಲ ಸುರಿದು ಪ್ರಾಣ ಬಿಡುತ್ತಾನೆ.

ಚಿಕ್ಕ ವಯಸ್ಸಲ್ಲಿ ಓದಿದವರಿಗೆ ಇಲ್ಲಿ ಕಾಣೋದು ನೆರಳು. ನನಗೀಗ ಕಾಣೋದು ಆ ಗುರು. ಯಾರೋ ಹುಡುಗನ ಒಣ ಜಂಭಕ್ಕೆ ಒಂದು ಜೀವ ಹೋಯಿತಲ್ಲ! ಲೇಖಕಿ ಅದಕ್ಕೆ ಸಮಾಧಾನ ಹೇಳುವುದಿಲ್ಲ. "ಹುಡುಗ ಬುದ್ಧಿ, ಬಿಡಿ" ಅಂತ ತೇಲಿಸುವುದೂ ಇಲ್ಲ. ದೊಡ್ಡವರ ಕಾದಂಬರಿಗಳಲ್ಲಿ ತಪ್ಪು ಮಾಡಿದವನಿಗೆ ಬಾಲ್ಯ, ಸಮಾಜ, ಸಂದರ್ಭ ಅಂತ ನೂರು ಕಾರಣ ಸಿಗುತ್ತವೆ. ಹದಿಹರೆಯದವರ ಒಳ್ಳೆಯ ಫ್ಯಾಂಟಸಿಯಲ್ಲಿ ಲೆಕ್ಕ ನೇರ: ಬಿಟ್ಟವನು ನೀನು, ಹಿಡಿಯಬೇಕಾದವನೂ ನೀನೇ. ನಾನು ಇವನ್ನು ಬಿಡದೆ ಓದೋದು ಇದಕ್ಕೇ.

ಮುಂದೆ ಇನ್ನೊಂದು ಪ್ರಸಂಗ ಬರುತ್ತದೆ. ಗೆಡ್‌ನ ಸ್ನೇಹಿತನೊಬ್ಬನ ಮಗುವಿಗೆ ಜ್ವರ ಏರಿ ಉಳಿಯುವ ಹಾಗಿಲ್ಲ. ಹೋಗುತ್ತಿರುವ ಜೀವವನ್ನು ಹೋಗಲು ಬಿಡಬೇಕು ಅನ್ನೋದು ಅವನು ಕಲಿತ ಪಾಠ. ತಾಯಿಯ ಸಂಕಟ ನೋಡಲಾರದೆ ಮಗುವಿನ ಹಿಂದೆಯೇ ಸಾವಿನ ಸೀಮೆಗೆ ಇಳಿಯುತ್ತಾನೆ. ಮಗು ಉಳಿಯುವುದಿಲ್ಲ. ಗೆಡ್ ಕೂಡ ಹೆಣದಂತೆ ಬಿದ್ದಿರುತ್ತಾನೆ. ಅವನು ಸಾಕಿದ ಓಟಕ್ ಅನ್ನುವ ಪುಟ್ಟ ಪ್ರಾಣಿ, ಚೂಪು ಹಲ್ಲಿನದು, ದನಿಯೇ ಇಲ್ಲದ್ದು, ಪಕ್ಕಕ್ಕೆ ಬಂದು ಅವನ ಕೈ ನೆಕ್ಕುತ್ತದೆ. ಆಮೇಲೆ ಗಾಯದ ಗುರುತಿರುವ ಕೆನ್ನೆ, ಮುಚ್ಚಿದ ಕಣ್ಣು. ಅದರಿಂದ ಅವನು ಎಚ್ಚರಗೊಳ್ಳುತ್ತಾನೆ. ಶಾಲೆಯ ಯಾವ ವಿದ್ಯೆಯೂ ಅಲ್ಲ, ಒಂದು ಪ್ರಾಣಿಯ ನಾಲಿಗೆ! ಮುಂದೆ ಓಟಕ್ ಏನಾಯಿತು ಅಂತ ಹೇಳಲ್ಲ. ಹೇಳಲು ನನಗೇ ಹೊಟ್ಟೆ ಕಿವುಚುತ್ತದೆ.

ಕೊನೆಯನ್ನೂ ಹೇಳಲ್ಲ. ಯುದ್ಧ ಇಲ್ಲ ಅಂತ ಮಾತ್ರ ಹೇಳಬಲ್ಲೆ. ಸೈನ್ಯ, ರಕ್ತಪಾತ, ಕೋಟೆ ಮುತ್ತಿಗೆ ಏನೂ ಇಲ್ಲ. ನೆರಳಿನಿಂದ ಓಡಿ ಓಡಿ ಸುಸ್ತಾದವನು ಶಾಲೆಗೆ ಬರುವ ಮುಂಚೆ ಕಲಿಸಿದ್ದ ಮೊದಲ ಗುರುವಿನ ಮಾತು ಕೇಳಿ, ತಿರುಗಿ ಅದನ್ನೇ ಅಟ್ಟಿಸಿಕೊಂಡು ಸಣ್ಣ ದೋಣಿಯಲ್ಲಿ ಹೊರಡುತ್ತಾನೆ.

ಹಾಗಂತ ತಕರಾರಿಲ್ಲ ಅಂತಲ್ಲ. ಆ ಶಾಲೆಗೆ ಹುಡುಗಿಯರಿಗೆ ಪ್ರವೇಶವೇ ಇಲ್ಲ. ಹೆಂಗಸರ ಮಂತ್ರ ಅಂದರೆ ದುರ್ಬಲ, ಕೆಟ್ಟದ್ದು ಅಂತ ಆ ನಾಡಿನಲ್ಲಿ ಗಾದೆಯೇ ಇದೆ. ಓದುವಾಗ ಕಿರಿಕಿರಿ ಆಗುತ್ತದೆ. ಲೆ ಗ್ವಿನ್ ಇದೇ ಲೋಕಕ್ಕೆ 1990ರಲ್ಲಿ 'ತೆಹಾನು' ಕಾದಂಬರಿಯೊಂದಿಗೆ ಮರಳಿದರು. ಅಲ್ಲಿ ಮುಖ್ಯ ಪಾತ್ರ ನಡುವಯಸ್ಸಿನ ವಿಧವೆ. ಮಾಂತ್ರಿಕರ ದರ್ಬಾರನ್ನು ಅಡುಗೆಮನೆ ಕಡೆಯಿಂದ ನೋಡಿದ ಹಾಗಿದೆ. ನನಗೆ ಅದು ಇನ್ನೂ ಇಷ್ಟ.

ಈ ಬಗೆಯ ಪುಸ್ತಕಗಳೆಲ್ಲ ಹೀಗೇ ಇರುತ್ತವೆ ಅಂದುಕೊಳ್ಳಬೇಡಿ. ಹುಟ್ಟಿನಿಂದಲೇ ಲೋಕ ಉಳಿಸಲು ಆರಿಸಿ ಬಂದವಳು, ಅವಳ ಹಿಂದೆ ಇಬ್ಬರು ಚೆಂದದ ಹುಡುಗರು, ಮೂರು ಸಂಪುಟ. ಅಂಥವು ರಾಶಿ ಇವೆ, ಅರ್ಧಕ್ಕೇ ಮುಚ್ಚಿಡುತ್ತೇನೆ. ಮಂತ್ರ ಹಾಕಿದವನಿಗೆ ಅದರಿಂದ ಏನೂ ನಷ್ಟ ಆಗಲ್ಲ ಅಂತ ಗೊತ್ತಾದರೆ ನನ್ನ ಆಸಕ್ತಿ ಅಲ್ಲಿಗೇ ಮುಗಿಯಿತು.

"ಸರಿ, ಹಾಗಾದ್ರೆ ಯಾವುದರಿಂದ ಶುರು ಮಾಡ್ಲಿ?" ಅಂತ ಕೇಳುವವರೂ ಇದ್ದಾರೆ. 'ಅರ್ತ್‌ಸೀ'ಯ ಮೊದಲ ಪುಸ್ತಕದಿಂದಲೇ ಮಾಡಿ, ತೆಳ್ಳಗಿದೆ. ಮೊದಲ ಕೆಲವು ಪುಟ ಊರು, ದ್ವೀಪಗಳ ಹೆಸರಲ್ಲೇ ಹೋಗುತ್ತದೆ, ಸ್ವಲ್ಪ ತಾಳಿ. 'ತೆಹಾನು' ಮಾತ್ರ ಮೊದಲೇ ಕೈಗೆತ್ತಿಕೊಳ್ಳಬೇಡಿ. ನಡುವೆ ಇನ್ನೆರಡು ಪುಸ್ತಕ ಇವೆ. ಅವನ್ನು ಓದಿದ ಮೇಲೇ ಅದರ ಕೋಪ ಯಾರ ಮೇಲೆ ಅಂತ ತಿಳಿಯೋದು.