ಬಾಂಡ್ಲಿ ಹೊರೋರ ಕೈಗೆ ಕರಣೆ ಯಾವಾಗ ಕೊಡೋದು?

ಡಿಪ್ಲೊಮಾ ಸಿವಿಲ್ ಮುಗಿಸಿ ಬೆಂಗಳೂರಿಗೆ ಬಂದು ಹನ್ನೊಂದು ವರ್ಷ ಆಯ್ತು, ಅವತ್ತಿಂದ ಸೈಟಲ್ಲೇ ಇದೀನಿ. ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು, ನಮ್ಮ ಸೈಟಲ್ಲಿ ಹೆಣ್ಣಾಳು ಯಾಕೆ ಕೊನೇವರೆಗೂ ಹೆಣ್ಣಾಳಾಗೇ ಉಳೀತಾರೆ ಅನ್ನೋದು.

ಗಂಡು ಹುಡುಗ ಒಬ್ಬ ಹೆಲ್ಪರ್ ಆಗಿ ಸೇರಿದ ಅಂದ್ಕೊಳ್ಳಿ, ಮೇಸ್ತ್ರಿ ಊಟಕ್ಕೆ ಹೋದಾಗ ಕರಣೆ (ಗಾರೆ ಹಾಕೋ ಕೈ ಸಲಕರಣೆ) ಹಿಡ್ಕೊಂಡು ನಾಲ್ಕು ಬ್ಲಾಕ್ ಕೂರಿಸ್ತಾನೆ, ಬೈಸ್ಕೋತಾನೆ, ಒಡೆದು ಮತ್ತೆ ಕಟ್ತಾನೆ, ಎರಡು ಮೂರು ವರ್ಷದಲ್ಲಿ ಅವನೂ ಗಾರೆಯವನಾಗಿ ಕೂಲಿ ಜಾಸ್ತಿ ಕೇಳ್ತಾನೆ. ಅವನ ಜೊತೆನೇ ಸೇರಿದ ಹೆಂಗಸು ಮಾತ್ರ ಹದಿನೈದು ವರ್ಷ ಆದ್ಮೇಲೂ ತಲೆ ಮೇಲೆ ಸಿಂಬಿ ಇಟ್ಕೊಂಡು ಬಾಂಡ್ಲಿ ಹೊರ್ತಾನೇ ಇರ್ತಾರೆ. ಯಾರೂ ಅವರಿಗೆ ಬೇಡ ಅಂತ ಬಾಯಿಬಿಟ್ಟು ಹೇಳಿರಲ್ಲ, ಕರಣೆ ಕೊಟ್ಟಿರಲ್ಲ ಅಷ್ಟೇ.

ನಮ್ಮ ಸೈಟಲ್ಲಿ ಯಾದಗಿರಿ ಕಡೆಯ ಒಬ್ಬ ಅಕ್ಕ ಇದ್ರು. ಒಂದಿನ ನಾಲ್ಕಿಂಚು ಗೋಡೆ ಚೆಕ್ ಮಾಡ್ತಿದ್ದೆ, ಗೋಡೆ ನೆಟ್ಟಗಿದೆಯಾ ಅಂತ ನೋಡೋ ದಾರದ ತೂಕದ ಗುಂಡು ಬಿಡೋಕೂ ಮುಂಚೆನೇ ಅವರು ಕೆಳಗಿಂದ "ಮೂರನೇ ಸಾಲು ಹೊರಗ ಬಂದದ ನೋಡ್ರಿ ಸರ" ಅಂದ್ರು. ಗುಂಡು ಬಿಟ್ಟು ನೋಡಿದ್ರೆ ನಿಜ, ಮೂರನೇ ಸಾಲಿಂದನೇ ಹೊರಗೆ ವಾಲಿತ್ತು. ಹೆಂಗೆ ಗೊತ್ತಾಯ್ತಕ್ಕ ಅಂತ ಕೇಳಿದ್ದಕ್ಕೆ "ಹನ್ನೆರಡು ವರ್ಷ ನೋಡ್ಕೋತ ಬಂದೀನ್ರಿ, ಕಣ್ಣಿಗೆ ಕಾಣಂಗಿಲ್ಲೇನ್ರಿ" ಅಂದ್ರು. ಮಾಲಿಗೆ, ಅಂದ್ರೆ ಸಿಮೆಂಟ್ ಮರಳು ಕಲಸಿದ್ದಕ್ಕೆ, ಎಷ್ಟು ನೀರು, ಕಲಸಿ ಎಷ್ಟೊತ್ತಾದ್ರೆ ಅದು ಕೆಲಸಕ್ಕೆ ಬರಲ್ಲ, ಇಟ್ಟಿಗೆ ಆದ್ರೆ ಚೆನ್ನಾಗಿ ನೆನೆಸ್ಬೇಕು ಆದ್ರೆ ಸಿಮೆಂಟ್ ಬ್ಲಾಕಿಗೆ ಬರೀ ನೀರು ಚಿಮುಕಿಸಿದ್ರೆ ಸಾಕು ಅನ್ನೋದು, ಇದೆಲ್ಲ ಅವರಿಗೆ ಗೊತ್ತಿತ್ತು, ಯಾಕಂದ್ರೆ ಕಲಸೋರೂ ಅವರೇ, ನೆನೆಸೋರೂ ಅವರೇ.

ಮೇಸ್ತ್ರಿ ಹತ್ರ ಹೇಳ್ದೆ, ಇವರಿಗೆ ಕೆಲಸ ಕಲ್ಸೋಣ ಅಂತ. "ಬ್ಲಾಕ್ ಭಾರ ಸಾರ್, ಹೆಂಗಸ್ರ ಕೈಲಿ ಆಗಲ್ಲ" ಅಂದ್ರು. ನಾಲ್ಕಿಂಚಿನ ಸಾಲಿಡ್ ಬ್ಲಾಕ್ ಒಂದೊಂದು 16 ಕೆಜಿ ಹತ್ರ ತೂಗತ್ತೆ. ಅದನ್ನ ತಲೆ ಮೇಲೆ ಹೊತ್ತು ಎರಡು ಮಹಡಿ ಹತ್ತಿ ಮೇಸ್ತ್ರಿ ಕಾಲ ಬುಡಕ್ಕೆ ತಂದು ಇಡ್ತಿರೋದು ಇದೇ ಅಕ್ಕ! ನಾನು ಅದನ್ನೇ ಹೇಳ್ದೆ, ಅವರು ಸುಮ್ನಾದ್ರು.

ಕಷ್ಟ ಆಗಿದ್ದು ಕಾಂಟ್ರಾಕ್ಟರ್ ಹತ್ರ. ದಿನಾ ಒಂದು ಗಂಟೆ, ಮೂರು ಜನ ಹೆಂಗಸರು, ಆ ಗಂಟೆದು ಕೂಲಿ ಕಟ್ ಮಾಡಬಾರದು ಅಂತ ನಾನು ಕೇಳಿದ್ದು. ಕಲಿತ್ಮೇಲೆ ಬೇರೆ ಸೈಟಿಗೆ ಹೋಗ್ಬಿಡ್ತಾರೆ ಅಂದ್ರು. ಹೋಗ್ಲಿ ಬಿಡಿ, ನಮ್ಮ ಸೈಟಿಗೆ ಬಂದಿರೋ ಗಾರೆಯವರೂ ಇನ್ನೊಬ್ಬರ ಸೈಟಲ್ಲಿ ಕಲಿತೋರೇ ಅಲ್ವಾ. ಕೂಲಿ ಕಟ್ ಮಾಡಿ ಟ್ರೈನಿಂಗ್ ಕೊಡ್ತೀವಿ ಅಂದ್ರೆ ಯಾರೂ ಬರಲ್ಲ, ಬರಬಾರ್ದು ಕೂಡ, ಸಂಜೆ ಹೋಗಿ ಒಲೆ ಹಚ್ಚೋರಿಗೆ ಆ ದುಡ್ಡು ಬೇಕು. ಒಂದು ತಿಂಗಳ ಮಟ್ಟಿಗೆ ಒಪ್ಪಿಸೋಕೆ ನಂಗೆ ಎರಡು ವಾರ ಹಿಡೀತು.

ಸಿಮೆಂಟ್ ವೇಸ್ಟ್ ಆಗ್ಬಾರ್ದು ಅಂತ ಮಣ್ಣು ಕಲಸಿ ಕಟ್ಟೋದು, ಮೂಲೆ ಎಬ್ಬಿಸೋದು, ದಾರ ಕಟ್ಟೋದು, ಕೆಳಗಿನ ಸಾಲಿನ ಸಂದು ಮೇಲಿನ ಸಾಲಿನ ಸಂದು ಒಂದೇ ನೇರಕ್ಕೆ ಬರದ ಹಾಗೆ ಕೂರಿಸೋದು, ಗುಂಡು ಬಿಡೋದು, ರಸಮಟ್ಟ ಇಟ್ಟು ಸಾಲು ಸಮ ಇದೆಯಾ ನೋಡೋದು, ಆಮೇಲೆ ಬಿಚ್ಚಿ ಬ್ಲಾಕ್ ತೊಳೆದು ನಾಳೆಗೆ ಇಡೋದು. ಹತ್ತು ದಿನ ಹಿಂಗೇ ನಡೀತು. ಹೆಂಗಸ್ರ ಕೈಲಿ ಆಗಲ್ಲ ಅಂದಿದ್ದ ಮೇಸ್ತ್ರಿನೇ ನಾಲ್ಕನೇ ದಿನದಿಂದ ಬಂದು ಪಕ್ಕದಲ್ಲಿ ನಿಂತ್ಕೊಂಡು ಕರಣೆ ಹಿಡಿಯೋ ಮಣಿಕಟ್ಟು ಹೆಂಗಿರ್ಬೇಕು ಅಂತ ತೋರ್ಸಿದ್ರು. ಅದು ಡಿಪ್ಲೊಮಾ ಓದಿರೋ ನನ್ನ ಕೈಲಿ ಆಗೋ ಪಾಠ ಅಲ್ಲ.

ಬೇರೆ ಕಡೆ ಇದು ಹೊಸದೇನಲ್ಲ. ಅಹಮದಾಬಾದಲ್ಲಿ ಸೇವಾ (SEWA) ಅನ್ನೋ ದುಡಿಯೋ ಹೆಂಗಸರ ಸಂಘಟನೆಯವರು ಕಟ್ಟಡ ಕೆಲಸದ ಹೆಂಗಸರಿಗೆ ಅಂತಾನೇ ಕರ್ಮಿಕಾ ಅನ್ನೋ ಶಾಲೆ ನಡೆಸಿದ್ದಾರೆ, ಜಾರ್ಖಂಡಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟೋಕೆ ಹಳ್ಳಿ ಹೆಂಗಸರು ಗಾರೆ ಕೆಲಸ ಕಲಿತ್ರು, ಅಲ್ಲಿ ಅವರನ್ನ ರಾಣಿ ಮಿಸ್ತ್ರಿ ಅಂತಾರೆ. ನಮ್ಮಲ್ಲೂ 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಆಗ್ಲೇ ಕೆಲಸ ಗೊತ್ತಿರೋರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆ ಇದೆ, ಒಳ್ಳೇದೇ. ಆದ್ರೆ ನಂಗನ್ಸೋದು, ಹೆಲ್ಪರ್ ಅಂತ ಇರೋ ಹೆಂಗಸಿಗೆ ಅವಳು ಹೆಲ್ಪರ್ ಕೆಲಸ ಚೆನ್ನಾಗಿ ಮಾಡ್ತಾಳೆ ಅಂತ ಸರ್ಟಿಫಿಕೇಟ್ ಕೊಟ್ರೆ ಏನುಪಯೋಗ, ಮುಂದಿನ ಮೆಟ್ಟಿಲು ಹತ್ತಿಸ್ಬೇಕಲ್ವಾ.

ಇನ್ನೊಂದು ಹೇಳ್ಬಿಡ್ತೀನಿ, ಕಟ್ಟಡ ಕಾರ್ಮಿಕರ ಕಾರ್ಡ್ ವಿಷಯ. 18ರಿಂದ 60 ವರ್ಷದೊಳಗಿನೋರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸ್ಬಹುದು. ನಮ್ಮ ಮೂರು ಜನದಲ್ಲಿ ಇಬ್ಬರಿಗೆ ಕಾರ್ಡೇ ಇರ್ಲಿಲ್ಲ, ಗಂಡನ ಹೆಸರಲ್ಲಿ ಇದ್ರೆ ಸಾಕು ಅಂದ್ಕೊಂಡಿದ್ರು. ಸೈಟ್ ಇಂಜಿನಿಯರ್‌ಗಳು ಯಾರಾದ್ರೂ ಓದ್ತಿದ್ರೆ ದಯವಿಟ್ಟು ಒಂದು ಸಲ ನಿಮ್ಮ ಸೈಟಲ್ಲಿ ಕೇಳಿ ನೋಡಿ.

ತಿಂಗಳು ಮುಗಿಯೋ ಹೊತ್ತಿಗೆ ಆ ಅಕ್ಕ ಟೆರೇಸ್ ಪ್ಯಾರಾಪೆಟ್ ಒಂದು ಬದಿ ಪೂರ್ತಿ ಸಿಮೆಂಟಲ್ಲೇ ಕಟ್ಟಿದ್ರು, ಮೂರು ಅಡಿ ಎತ್ತರ. ನಾನು ಗುಂಡು ಬಿಟ್ಟೆ, ಮೇಸ್ತ್ರಿನೂ ಬಿಟ್ಟು ನೋಡಿದ್ರು, ಸರಿಯಾಗಿತ್ತು. ಇನ್ನಿಬ್ಬರಲ್ಲಿ ಒಬ್ಬರು ಮಗು ಹುಷಾರಿಲ್ಲ ಅಂತ ಮಧ್ಯದಲ್ಲೇ ಊರಿಗೆ ಹೋದ್ರು, ಇನ್ನೊಬ್ಬರು ಇನ್ನೂ ಮೂಲೆ ಎಬ್ಬಿಸೋದು ಕಲೀತಿದ್ದಾರೆ.

ಆ ಶನಿವಾರ ಬಟವಾಡೆ ಶೀಟಲ್ಲಿ ನಾನೇ ಅಕ್ಕನ ಹೆಸರನ್ನ ಹೆಣ್ಣಾಳು ಪಟ್ಟಿಯಿಂದ ತೆಗೆದು ಗಾರೆ ಪಟ್ಟಿಯಲ್ಲಿ ಬರೆದೆ. ಕಾಂಟ್ರಾಕ್ಟರ್ ನೋಡಿ, ಎರಡಕ್ಕೂ ಮಧ್ಯದ ಒಂದು ರೇಟ್ ಹಾಕಿ ಸೈನ್ ಮಾಡಿದ್ರು. ಅಕ್ಕ ದುಡ್ಡು ಎರಡು ಸಲ ಎಣಿಸಿ "ಉಳಿದದ್ದು ಯಾವಾಗ್ರಿ ಸರ" ಅಂತ ಕೇಳಿದ್ರು. ಮುಂದಿನ ಶನಿವಾರ ಮತ್ತೆ ಆ ಶೀಟ್ ತಗೊಂಡು ಹೋಗ್ತಿದೀನಿ.