ಲೈಟ್ ಡ್ಯೂಟಿ ಅಂತೆ!

ದಸರಾ ಬಂದೋಬಸ್ತ್ ಇದ್ದ ದಿನ ನಾನು ನೀರು ಕುಡಿಯುವುದೇ ಕಡಿಮೆ. ಜಂಬೂಸವಾರಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆ ನಿಂತರೆ ಪಾಯಿಂಟ್ ಬಿಟ್ಟು ಕದಲುವ ಹಾಗಿಲ್ಲ. ಗಂಡಸರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ನಾವು, ಮಹಿಳಾ ಪೊಲೀಸರು? ಶೌಚಾಲಯಕ್ಕೆ ಪರಿಚಯದ ಬಟ್ಟೆ ಅಂಗಡಿ ಅಕ್ಕನನ್ನು ಕೇಳಬೇಕು. ಅವರು ಬೀಗ ಹಾಕಿದ್ದರೆ ಅಂಬಾರಿ ಆನೆ ಬನ್ನಿಮಂಟಪ ಸೇರುವವರೆಗೂ ಹಲ್ಲು ಕಚ್ಚಿಕೊಂಡು ನಿಲ್ಲಬೇಕು. ಮುಟ್ಟಿನ ದಿನವಾದರೆ ಕೇಳಲೇಬೇಡಿ. ಮೇಲಿಂದ ಬೆಲ್ಟು, ಬೂಟು, ಬಿಸಿಲು.

2017ರಲ್ಲಿ ನೀಲಮಣಿ ಎನ್. ರಾಜು ರಾಜ್ಯ ಪೊಲೀಸ್ ಪಡೆಯ ಮೊದಲ ಮಹಿಳಾ ಮುಖ್ಯಸ್ಥೆ ಆದಾಗ ಮಂಡ್ಯದಲ್ಲಿ ನಮ್ಮವ್ವ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದಳು. ಈಗ ನೇಮಕಾತಿಯಲ್ಲಿ ನಮಗೆ ಶೇ 25 ಮೀಸಲು ಇದೆ. ಆದರೂ ಠಾಣೆಗಳಲ್ಲಿ ಖಾಕಿ ತೊಟ್ಟ ಹೆಣ್ಣುಮಕ್ಕಳು ಕಡಿಮೆಯೇ.

ಕೆಲಸ ಮಾತ್ರ ಜಾಸ್ತಿ. ಹೆಂಗಸರ ಮೈ ತಪಾಸಣೆಗೆ ಕಾನೂನಿನ ಪ್ರಕಾರ ಹೆಂಗಸೇ ಬೇಕು. ಅತ್ಯಾಚಾರದ ದೂರು ಬರೆದುಕೊಳ್ಳುವುದಕ್ಕೂ ಅಷ್ಟೇ. ಹಾಗಾಗಿ ಮಧ್ಯರಾತ್ರಿ ಫೋನ್ ಬರುವುದು ನಮಗೆ. ಮೊನ್ನೆ ಸಹೋದ್ಯೋಗಿಯೊಬ್ಬರು, ‘ನಿಮಗೇನಮ್ಮಾ, ಲೈಟ್ ಡ್ಯೂಟಿ ಅಲ್ವಾ’ ಅಂದರು. ‘ಬನ್ನಿ ಸಾರ್, ಒಂದು ವಾರ ಬದಲಾಯಿಸಿಕೊಳ್ಳೋಣ’ ಅಂದೆ. ಅವರಿಗೆ ತಕ್ಷಣ ಯಾವುದೋ ಫೈಲ್ ನೆನಪಾಯಿತು.