ಚಳಿಗಾಲಕ್ಕೆ ಎಷ್ಟು ಹುಲ್ಲೋ, ಬೇಸಿಗೆಗೆ ಅಷ್ಟೇ ಹಸು

ಶಿರಸಿ ಸೀಮೆಯ ಅಡಕೆ ತೋಟಿಗರ ಮನೆಯಲ್ಲಿ ಹುಟ್ಟಿದ ನನಗೆ ಬೆಟ್ಟವೆಂದರೆ ಮೊದಲು ನೆನಪಾಗುವುದು ಸೊಪ್ಪಿನ ಬೆಟ್ಟ. ತೋಟಕ್ಕೆ ಹೊದಿಸುವ ಹಸಿಸೊಪ್ಪು, ಕೊಟ್ಟಿಗೆಗೆ ಹಾಸುವ ದರಕು (ಒಣಗಿ ಉದುರಿದ ಎಲೆ), ದನಗಳ ಮೇವು ಎಲ್ಲವೂ ಅಲ್ಲಿಂದಲೇ ಬರಬೇಕು. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲಿನವರಿಗೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟರು. ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ನಮ್ಮದು. ಈ ವ್ಯವಸ್ಥೆಯಲ್ಲಿ ಬೆಳೆದದ್ದರಿಂದಲೇ ಇರಬೇಕು, ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯ ಚರಿತ್ರೆ ಓದಿದ ದಿನ ನನಗೆ ದೂರದ ನೆಂಟರ ಮನೆ ಹೊಕ್ಕಂತಾಯಿತು.

ಟೋರ್ಬೆಲ್ ಇರುವುದು ವಾಲೇ ಪ್ರಾಂತ್ಯದಲ್ಲಿ, ಸುಮಾರು 1500 ಮೀಟರ್ ಎತ್ತರದ ಕಡಿದಾದ ಇಳಿಜಾರಿನಲ್ಲಿ. ಇಂದಿಗೂ ಅಲ್ಲಿನ ಜನಸಂಖ್ಯೆ ಐನೂರರ ಆಸುಪಾಸು. ಮಾತು ಜರ್ಮನ್. ಗದ್ದೆ, ಹುಲ್ಲುಗಾವಲು, ದ್ರಾಕ್ಷಿ ತೋಟ ಮನೆಮನೆಯ ಸ್ವಂತದ್ದು. ಮೇಲಿನ ಬೇಸಿಗೆ ಮೇವಿನ ಬಯಲು, ಕಾಡು, ನೀರಿನ ಕಾಲುವೆ, ದಾರಿಗಳು ಊರೊಟ್ಟಿನವು. 1483ರ ಫೆಬ್ರವರಿ 1ರಂದೇ ಊರವರು ಒಂದು ಕರಾರು ಬರೆದು, ಹೊರಗಿನವನು ಇಲ್ಲಿ ಜಮೀನು ಕೊಂಡ ಮಾತ್ರಕ್ಕೆ ಊರೊಟ್ಟಿನ ಬಯಲಿನ ಮೇಲೆ, ಕಾಡಿನ ಮೇಲೆ ಹಕ್ಕು ಬರುವುದಿಲ್ಲವೆಂದು ಕಟ್ಟುಮಾಡಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು 1517ರ ನಿಯಮ: ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸಾಕಲು ಸಾಧ್ಯವೋ ಅದಕ್ಕಿಂತ ಒಂದು ಹಸುವನ್ನೂ ಹೆಚ್ಚಾಗಿ ಬೇಸಿಗೆಯಲ್ಲಿ ಊರ ಬಯಲಿಗೆ ಅಟ್ಟುವಂತಿಲ್ಲ. ಎಷ್ಟು ಸರಳವಾದ ಅಳತೆ! ಹಿಮ ಬಿದ್ದ ತಿಂಗಳುಗಳಲ್ಲಿ ಹಸು ತಿನ್ನುವುದು ಸ್ವಂತ ಹುಲ್ಲುಗಾವಲಿನಲ್ಲಿ ಕೊಯ್ದು ಒಣಗಿಸಿಟ್ಟದ್ದನ್ನು. ಆದ್ದರಿಂದ ಪೇಟೆಯಲ್ಲಿ ದನ ಕೊಂಡು ತಂದು ಊರ ಹುಲ್ಲು ಮೇಯಿಸಿ ಮಾರುವ ಆಸೆಗೆ ದಾರಿಯೇ ಇಲ್ಲ. ನಿಯಮ ಮುರಿದವನಿಗೆ ದಂಡ ಹಾಕುವ ಅಧಿಕಾರಿಗೆ ದಂಡದ ಅರ್ಧ ಹಣ ಸಲ್ಲುತ್ತಿತ್ತು. ಊರೊಟ್ಟಿನ ಚೀಸನ್ನು ಅವರವರ ಹಸುಗಳ ಲೆಕ್ಕದಲ್ಲಿ ಹಂಚುತ್ತಿದ್ದರು.

ಸೌದೆಯ ಹಂಚಿಕೆ ಇನ್ನೂ ಚೆಂದ. ಕಡಿಯುವ ಮರಗಳಿಗೆ ಮೊದಲು ಗುರುತು ಹಾಕಲಾಗುತ್ತಿತ್ತು. ಮನೆಗಳವರು ತಂಡ ಕಟ್ಟಿಕೊಂಡು ಕೆಲಸವನ್ನು ಸಮನಾಗಿ ಹಂಚಿಕೊಂಡು ಕಡಿದು, ಸಮಸಮ ರಾಶಿ ಹಾಕಿ, ಕೊನೆಗೆ ಚೀಟಿ ಎತ್ತಿ ಯಾವ ರಾಶಿ ಯಾರಿಗೆಂದು ತೀರ್ಮಾನಿಸುತ್ತಿದ್ದರು. ಯಾವ ರಾಶಿ ತನ್ನ ಪಾಲಿಗೆ ಬರುವುದೋ ತಿಳಿಯದೆ ಪೇರಿಸುವ ಕೈ ಒಂದು ರಾಶಿಯನ್ನು ದೊಡ್ಡದು, ಇನ್ನೊಂದನ್ನು ಚಿಕ್ಕದು ಮಾಡಲಾರದು. ಮಾನವಶಾಸ್ತ್ರಜ್ಞ ರಾಬರ್ಟ್ ನೆಟಿಂಗ್ ಈ ಊರಿನಲ್ಲಿದ್ದು ಇದನ್ನೆಲ್ಲ ದಾಖಲಿಸಿದರು. ಆ ದಾಖಲೆಯ ಮೇಲೆ ಬರೆದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮಲ್ಲಿ ನಿಯಮಗಳಿರಲಿಲ್ಲವೆಂದಲ್ಲ. ಮತ್ತಿ, ನಂದಿ ಮರ ಹತ್ತಿ ಸೊಪ್ಪು ಕಡಿಯುವಾಗ ತುದಿಯ ಕೊಂಬೆ ಮುಟ್ಟಬಾರದೆಂದು ಅಪ್ಪ ಕೆಳಗೆ ನಿಂತು ಕೂಗುತ್ತಿದ್ದರು. ಆದರೆ ಅದು ಮನೆಯ ಮಾತಾಗಿತ್ತು, ಊರ ಕಟ್ಟಾಗಿರಲಿಲ್ಲ. ನಮ್ಮ ಕೇರಿಯ ಏಳು ಮನೆಗಳ ಒಟ್ಟು ಬೆಟ್ಟಕ್ಕೆ ಹೋದ ವರ್ಷ ಬೆಂಕಿ ಬಿದ್ದಾಗ, ಬೆಂಕಿ ಹರಡದಂತೆ ಅಂಚಿನ ದರಕು ಗುಡಿಸಬೇಕಾದವರು ಯಾರೆಂಬುದೇ ಜಗಳವಾಯಿತು. ಮೂರು ಮನೆಗಳಲ್ಲಿ ಈಗ ದನವೇ ಇಲ್ಲ, ಲಾರಿಯಲ್ಲಿ ಗೊಬ್ಬರ ಬರುತ್ತದೆ. ದರಕು ಒಯ್ಯದ ತಾವೇಕೆ ಗುಡಿಸಬೇಕೆಂದು ಅವರು ಕೇಳಿದರು. ಕೇಳಿದ್ದು ತಪ್ಪೆಂದು ನನಗನ್ನಿಸಲಿಲ್ಲ.

ಟೋರ್ಬೆಲ್‌ನಲ್ಲಿ ದಾರಿ, ದೊಡ್ಡಿ ದುರಸ್ತಿಗೆ ಯಾರು ಎಷ್ಟು ದಿನ ದುಡಿಯಬೇಕೆಂಬುದು ಅವರು ಮೇಯಲು ಕಳಿಸಿದ ಹಸುಗಳ ಲೆಕ್ಕದ ಮೇಲೆ ನಿಂತಿತ್ತು. ಈ ಸಲ ದೀಪಾವಳಿ ಮುಗಿದ ಮೇಲೆ ಕೇರಿಯವರು ಕೂಡಿದಾಗ ನಾನೂ ಅದನ್ನೇ ಹೇಳಬೇಕೆಂದಿದ್ದೇನೆ. ಯಾರ ಮನೆಗೆ ಎಷ್ಟು ಕಲ್ಲಿ (ಹಗ್ಗದ ಬಲೆಯ ಹೊರೆ) ದರಕು ಹೋಯಿತೆಂದು ಬರೆದಿಡೋಣ, ಹತ್ತು ಕಲ್ಲಿಗೆ ಒಂದು ಆಳಿನಂತೆ ಅಂಚು ಗುಡಿಸೋಣ. ನಮ್ಮ ಮನೆಯಲ್ಲಿ ನಾಲ್ಕು ದನಗಳಿವೆ, ಹೆಚ್ಚು ಆಳು ನಮ್ಮ ಪಾಲಿಗೇ ಬರುತ್ತದೆ. ಲೆಕ್ಕದ ಪುಸ್ತಕ ತಂದಿಟ್ಟಿದ್ದೇನೆ.